ದೊಡ್ಡಮ್ಮನ ಬಾವಿ, ನನ್ನ ಲೆನ್ಸು

ತಿಂಗಳಿಡೀ ಬಾಳಿಕೆ ಬರಬೇಕಾಗಿದ್ದ ನನ್ನ ಹೊಸ ಕಾಂಟ್ಯಾಕ್ಟ್ ಲೆನ್ಸು ಎರಡೇ ದಿನಕ್ಕೆ ಕಸದ ಡಬ್ಬಿ ಸೇರಿತು. ಕಾರಣ ದೊಡ್ಡಮ್ಮ. ಸರಿಯಾಗಿ ಹೇಳುವುದಾದರೆ ದೊಡ್ಡಮ್ಮನ ಬಾವಿ.

ಉಡುಪಿ ಕಡೆ ಯಾರ ಮನೆಗೆ ಹೋದರೂ ಅವರವರ ಬಾವಿ ನೀರೇ ಊರಿಗೆಲ್ಲ ಒಳ್ಳೆಯದು. ನಮ್ಮ ದೊಡ್ಡಮ್ಮನಂತೂ ತಲೆನೋವಿಗೆ, ಸಿಟ್ಟಿಗೆ, ಫೋನಿಗೆ ನೆಟ್‌ವರ್ಕ್ ಸಿಗದಿದ್ದರೂ "ಒಮ್ಮೆ ಬಾವಿ ನೀರಲ್ಲಿ ಮುಖ ತೊಳಿ" ಎನ್ನುವವರು.

ಮೊನ್ನೆ ಮೆಹೆಂದಿಗೆ ಹೊರಡುವ ಗಡಿಬಿಡಿ. ಸೋಪು ಹಾಕಿ ಕೈ ತೊಳೆದು, ಒರೆಸಿ, ಬೆಳಕು ಚೆನ್ನಾಗಿದೆಯೆಂದು ಹಿಂದಿನ ಜಗಲಿಯಲ್ಲಿ ಕನ್ನಡಿ ಇಟ್ಟು ಕೂತಿದ್ದೆ. ತಮ್ಮನ ಮಗ ಓಡಿ ಬಂದು "ಅತ್ತೇ, ಕಣ್ಣು ತೆಗೀತೀಯಾ?" ಅಂತ ಮೊಣಕೈಗೆ ಗುದ್ದಿದ. ಲೆನ್ಸು ಹಾರಿತು.

"ಯಾರೂ ಅಲ್ಲಾಡ್ಬೇಡಿ!" ಅಂದೆ. ಮನೆಮಂದಿಯೆಲ್ಲ ನಿಂತಲ್ಲೇ ನಿಂತರು. ಚಿಕ್ಕಪ್ಪ ಒಂದು ಕಾಲೆತ್ತಿಕೊಂಡೇ ಇದ್ದರು. ಕಾವಿ ನೆಲದ ಮೇಲೆ ದೊಡ್ಡಮ್ಮ ಮೊಣಕಾಲೂರಿ ಹುಡುಕಿದರು. "ಸಿಕ್ಕಿತು!" ಅಂತ ಬೆರಳ ತುದಿಯಲ್ಲಿ ಹಿಡಿದು ತೋರಿಸಿದ್ದು ಬೆಳಿಗ್ಗೆ ಕೊಯ್ದ ಮೀನಿನ ಹುರುಪೆ. ಮೈನಸ್ 6 ಪವರಿನ ನಾನು ಅದನ್ನು ಖುಷಿಯಿಂದ ಕೈಗೆ ತೆಗೆದುಕೊಂಡೂ ಆಗಿತ್ತು. ಪುಣ್ಯಕ್ಕೆ ವಾಸನೆ ಬಂತು.

ಕೊನೆಗೆ ನಿಜವಾದದ್ದೂ ಸಿಕ್ಕಿತು. "ತಡೀರಿ ದೊಡ್ಡಮ್ಮ" ಎನ್ನುವಷ್ಟರಲ್ಲಿ ಅದನ್ನು ಕೊಡಪಾನದ ನೀರಲ್ಲಿ ಅದ್ದಿ, ಸೆರಗಲ್ಲಿ ಒರೆಸಿ, ಪ್ರಸಾದ ಕೊಡುವ ಹಾಗೆ ಕೊಟ್ಟರು. ನಾನು ಬಿಸಾಡಿದೆ. ಮನೆಯಲ್ಲಿ ಯುದ್ಧ.

"ನಮ್ಮ ಬಾವಿ ನೀರಿಗೆ ಎಂತ ಆಗಿದೆ?"

ಎಂತದೂ ಆಗಿಲ್ಲ. ಆದರೆ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಉಂಟು. ಬಾವಿ, ನಲ್ಲಿ, ಕೆರೆ, ಮಲ್ಪೆಯ ಸಮುದ್ರ, ಎಲ್ಲಿಯೂ ಇರಬಹುದು. ಲೆನ್ಸಿನ ಜೊತೆ ಒಳಹೊಕ್ಕು ಕಾರ್ನಿಯಾಕ್ಕೆ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರಕ್ಕೆ ಹತ್ತಿಕೊಂಡರೆ ತಿಂಗಳುಗಟ್ಟಲೆ ಕಣ್ಣಿಗೆ ಔಷಧಿ ಹಾಕಬೇಕು, ದೃಷ್ಟಿಯೇ ಹೋಗಲೂಬಹುದು. ಅದಕ್ಕೇ ಲೆನ್ಸು ಹಾಕಿ ಈಜಬಾರದು, ಸ್ನಾನ ಮಾಡಬಾರದು. ತೊಳೆಯಲು ಲೆನ್ಸಿಗೆಂದೇ ಇರುವ ಸೊಲ್ಯೂಷನ್ ಮಾತ್ರ. ಅದೂ ದಿನಾ ಹೊಸತು, ಹಳತಕ್ಕೆ ಸೇರಿಸುವ ಹಾಗಿಲ್ಲ. ಇಷ್ಟೆಲ್ಲ ಹೇಳಿದ ಮೇಲೆ ದೊಡ್ಡಮ್ಮ ಅಂದರು: "ನನ್ನ ಕಣ್ಣಲ್ಲೂ ಲೆನ್ಸ್ ಉಂಟು ಮಾರಾಯ್ತಿ. ಒಂದು ದಿನ ತೆಗೆದು ತೊಳೆದಿದ್ದೇನಾ?"

ಪೊರೆ ಆಪರೇಷನ್ನಿನಲ್ಲಿ ಒಳಗೇ ಕೂರಿಸಿದ ಲೆನ್ಸದು. ಅದಕ್ಕೂ ಇದಕ್ಕೂ ಎಲ್ಲಿಯ ಸಂಬಂಧ! ಆದರೆ ಆಗ ಕಣ್ಣಿಗೆ ನೀರು ತಾಗಿಸಬಾರದೆಂದು ಡಾಕ್ಟರ್ ಹೇಳಿದ್ದರು. ಪಾಪ, ಅಷ್ಟು ದಿನವೂ ಒದ್ದೆ ಬಟ್ಟೆಯಲ್ಲಿ ಕೆನ್ನೆ ಮಾತ್ರ ಒರೆಸಿಕೊಂಡು, ಬೇರೆಯವರು ನೀರು ಸೇದುವುದನ್ನು ನೋಡುತ್ತಾ ಕೂತಿದ್ದರು. ಚಿಕ್ಕಂದಿನಲ್ಲಿ ನನ್ನ ಕಣ್ಣಿಗೆ ಹೊಯಿಗೆ ಬಿದ್ದರೆ ತೊಳೆಯುತ್ತಿದ್ದದ್ದೂ ಅದೇ ಕೈ, ಅದೇ ಬಾವಿ. ಸಿಟ್ಟು ಅರ್ಧ ಇಳಿಯಿತು. ಇನ್ನರ್ಧ ಲೆನ್ಸಿನ ರೇಟು ನೆನಪಾದಾಗೆಲ್ಲ ಏರುತ್ತದೆ.

ಹಳೇ ಕನ್ನಡಕ ಹಾಕಿಕೊಂಡೇ ಮೆಹೆಂದಿಗೆ ಹೋದೆ. ಕಾರಿನಿಂದ ಇಳಿಯುವುದೇ ತಡ, ದೊಡ್ಡಮ್ಮ ಎದುರು ಸಿಕ್ಕವರಿಗೆಲ್ಲ ಶುರು ಮಾಡಿದರು: "ಸ್ವಲ್ಪ ತಡ ಆಯ್ತು. ಇವಳ ಕಣ್ಣು ಬಿದ್ದುಹೋಗಿತ್ತು, ನಾನೇ ಹೆಕ್ಕಿ ಕೊಟ್ಟೆ."