ಕಾರವಾರದ ಸಹಿಗೆ ಬೆಂಗಳೂರಿನ ಸಾಕ್ಷಿ ಯಾಕೆ ಬೇಕು?

ಬೆಳಿಗ್ಗೆಯಿಂದ ಸಿಟ್ಟು ಇಳಿದಿಲ್ಲ. ಬರೆದೇ ಬಿಡುತ್ತೇನೆ.

ನಮ್ಮ ಶಾಲೆಯ ಹಳೇ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಹೊನ್ನಾವರ ಕಡೆಯ ಮೀನುಗಾರರ ಮನೆಯ ಹುಡುಗ. ಬಿ.ಕಾಂ. ಮುಗಿಸಿ ಕುಮಟಾದಲ್ಲಿ ಒಬ್ಬ ಆಡಿಟರ್ ಹತ್ತಿರ ಲೆಕ್ಕ ಬರೆಯುತ್ತಿದ್ದ. ಈಗ ಕತಾರಿನ ದೋಹಾದಲ್ಲಿ ಕೆಲಸ ಸಿಕ್ಕಿದೆ. ಅದಕ್ಕೆ ಪದವಿ ಪತ್ರ ನಿಜವಾದದ್ದೇ ಎಂದು ಕಚೇರಿಗಳಲ್ಲಿ ಮೊಹರು ಹಾಕಿಸಬೇಕು. "ಅಕ್ಕೋರೆ, ಇದನ್ನೊಂದ್ಸಲ ನೋಡಿ" ಎಂದು ಕವರಿನಿಂದ ಪದವಿ ಪ್ರಮಾಣಪತ್ರ ತೆಗೆದು ಕೈಗಿಟ್ಟ.

ನೋಡಿ ಎದೆ ಧಸಕ್ಕೆಂದಿತು. ಪದವಿ ಬಂದ ಖುಷಿಗೆ ಅವನ ಅಪ್ಪ ಅದಕ್ಕೆ ಲ್ಯಾಮಿನೇಷನ್ ಮಾಡಿಸಿದ್ದರಂತೆ. ಮಳೆಗಾಲದಲ್ಲಿ ನಮ್ಮ ಕರಾವಳಿಯ ಮನೆಗಳಲ್ಲಿ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ, ಹಾಗಾಗಿ ಎಲ್ಲರೂ ಮಾಡಿಸುತ್ತಾರೆ. ಈಗ ಏಜೆಂಟ್ "ಪ್ಲಾಸ್ಟಿಕ್ ಮೇಲೆ ಮೊಹರು ಕೂರಲ್ಲ, ತೆಗೆಸಿಕೊಂಡು ಬಾ" ಎಂದಿದ್ದಾನೆ. ಯಾವುದೋ ಅಂಗಡಿಯವರು ಇಸ್ತ್ರಿಪೆಟ್ಟಿಗೆಯಲ್ಲಿ ಬಿಸಿ ಮಾಡಿ ಎಳೆದಿದ್ದಾರೆ. ವಿಶ್ವವಿದ್ಯಾಲಯದ ಮೊಹರಿನ ಅರ್ಧಭಾಗ ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಎದ್ದು ಬಂದಿದೆ. ಕುಲಪತಿಗಳ ಸಹಿಯಲ್ಲಿ ಕೊನೆಯ ಎಳೆ ಮಾತ್ರ ಕಾಗದದ ಮೇಲೆ ಉಳಿದಿದೆ. ಆ ಪ್ಲಾಸ್ಟಿಕ್ಕನ್ನೂ ಅವನು ಮಡಚದೆ ಜೋಪಾನವಾಗಿ ತಂದಿದ್ದ. ಬೆಳಕಿಗೆ ಹಿಡಿದರೆ ಉಳಿದರ್ಧ ಮೊಹರು ಉಲ್ಟಾ ಕಾಣುತ್ತಿತ್ತು. "ಇದನ್ನ ವಾಪಸ್ ಅಂಟಿಸಬಹುದಾ ಅಕ್ಕೋರೆ?" ಎಂದು ಕೇಳಿದ. ನನಗೆ ಮಾತೇ ಹೊರಡಲಿಲ್ಲ.

ಇನ್ನು ಧಾರವಾಡದ ವಿಶ್ವವಿದ್ಯಾಲಯದಿಂದ ಪ್ರಮಾಣಪತ್ರದ ಎರಡನೇ ಪ್ರತಿ ತರಿಸಬೇಕು. ಆಮೇಲೆ ಅದು ನಿಜವಾದದ್ದೇ ಎಂದು ವಿಶ್ವವಿದ್ಯಾಲಯದಿಂದ ಬರೆಸಿಕೊಳ್ಳಬೇಕು. ಅದನ್ನು ಹಿಡಿದು ಬೆಂಗಳೂರಿಗೆ ಹೋಗಿ ಶಿಕ್ಷಣ ಇಲಾಖೆಯ ಮೊಹರು ಹಾಕಿಸಬೇಕು. ಅಲ್ಲಿಂದ ಕೇಂದ್ರದ ವಿದೇಶಾಂಗ ಸಚಿವಾಲಯ. ಕೊನೆಗೆ ದೆಹಲಿಯಲ್ಲಿರುವ ಕತಾರಿನ ರಾಯಭಾರ ಕಚೇರಿ. ಕಂಪನಿಯವರು ಅಲ್ಲಿಯವರೆಗೆ ಕಾಯುತ್ತಾರಾ? ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ನಾನು ಕೇಳುವುದು ಒಂದೇ ಪ್ರಶ್ನೆ. ಈ ಸರಪಳಿಯಲ್ಲಿ ಯಾರು ಏನನ್ನು ಪರೀಕ್ಷೆ ಮಾಡುತ್ತಾರೆ?

ವಿದೇಶಾಂಗ ಸಚಿವಾಲಯ ರಾಜ್ಯದ ಅಧಿಕಾರಿಯ ಸಹಿ ನೋಡುತ್ತದೆ. ರಾಯಭಾರ ಕಚೇರಿ ಸಚಿವಾಲಯದ ಸಹಿ ನೋಡುತ್ತದೆ. ಪ್ರತಿಯೊಬ್ಬರೂ ತಮ್ಮ ಹಿಂದಿನವರ ಸಹಿಯನ್ನು ಮಾದರಿ ಸಹಿಯ ಜೊತೆ ಹೋಲಿಸಿ ಮುಂದಕ್ಕೆ ತಳ್ಳುತ್ತಾರೆ. ಈ ಹುಡುಗ ಪರೀಕ್ಷೆ ಬರೆದನೋ ಇಲ್ಲವೋ, ಪಾಸಾದನೋ ಇಲ್ಲವೋ ಎಂದು ಅವರ್ಯಾರೂ ನೋಡುವುದಿಲ್ಲ. ನೋಡುವುದು ಅವರ ಕೆಲಸವೂ ಅಲ್ಲ.

ಅಪೊಸ್ಟಿಲ್ ಅಂತ ಕೇಳಿರುತ್ತೀರಿ, ದಾಖಲೆಯ ಸಹಿ, ಮೊಹರು ನಿಜವೆಂದು ಹೊರದೇಶಕ್ಕೆ ಹೇಳುವ ಚೀಟಿ. ಅದರ ಹಿಂದಿರುವುದು 1961ರ ಅಕ್ಟೋಬರ್ 5ರಂದು ಹೇಗ್ ನಗರದಲ್ಲಿ ಆದ ಒಪ್ಪಂದ. ಅದಾಗಿದ್ದೇ ಇಂಥ ಸರಪಳಿಯನ್ನು ಕತ್ತರಿಸಲಿಕ್ಕೆ. ಹತ್ತು ಅಂಶಗಳಿರುವ ಒಂದು ಚೌಕದ ಚೀಟಿ ಕಾಗದಕ್ಕೆ ಅಂಟಿಸಿದರೆ ಸಾಕು, ಒಪ್ಪಂದದಲ್ಲಿರುವ ದೇಶಗಳು ರಾಯಭಾರ ಕಚೇರಿಯ ಮೊಹರು ಕೇಳುವಂತಿಲ್ಲ. ಈಗ 120ಕ್ಕೂ ಹೆಚ್ಚು ದೇಶಗಳು ಅದರಲ್ಲಿವೆ. ಭಾರತದಲ್ಲಿ ಅದು 2005ರ ಜುಲೈನಲ್ಲಿ ಜಾರಿಗೆ ಬಂತು. ಒಮಾನ್, ಬಹ್ರೇನ್ ಮೊದಲೇ ಇದ್ದವು. 2022ರ ಡಿಸೆಂಬರಿನಲ್ಲಿ ಸೌದಿಯಲ್ಲೂ ಜಾರಿಯಾಯಿತು, 2024ರ ಜನವರಿಯಲ್ಲಿ ಕೆನಡಾದಲ್ಲೂ. ಕತಾರ್, ಕುವೈತ್, ಯುಎಇ ಸೇರಿಲ್ಲ. ನಮ್ಮ ಭಟ್ಕಳ, ಹೊನ್ನಾವರ ಕಡೆಯವರು ತಲೆಮಾರಿನಿಂದ ದುಬೈ, ಕುವೈತ್ ಎಂದು ಹೋಗುತ್ತಿದ್ದಾರೆ. ಅವರಿಗೆ ಅಪೊಸ್ಟಿಲ್ ಬಂದರೂ ಸುಖವಿಲ್ಲ.

ಅದು ಆ ದೇಶಗಳ ತೀರ್ಮಾನ, ಅದಕ್ಕೆ ನಾವೇನೂ ಮಾಡುವಂತಿಲ್ಲ. ಆದರೆ ನಮ್ಮ ಮನೆಯೊಳಗಿನ ಭಾಗ? ಅಪೊಸ್ಟಿಲ್ ಸಿಗುವ ದೇಶಕ್ಕೆ ಹೋಗುವವರೂ ಮೊದಲು ರಾಜ್ಯದ ಮೊಹರಿಗೆ ಬೆಂಗಳೂರಿಗೇ ಹೋಗಬೇಕು. ಹೊರಗಿನ ಸರಪಳಿ ತುಂಡಾಯಿತು, ಒಳಗಿನದು ಹಾಗೇ ಇದೆ.

ನನ್ನದೇ ಸಹಿಯ ವಿಷಯ ಹೇಳುತ್ತೇನೆ. ನಿವೃತ್ತಳಾಗುವವರೆಗೆ ನಾನು ಎಷ್ಟು ಟಿ.ಸಿ.ಗಳಿಗೆ ಸಹಿ ಹಾಕಿದ್ದೇನೆ ಅಂತ ಇಲ್ಲಿರುವ ನನ್ನ ಶಾಲೆಯ ಮಕ್ಕಳಿಗೆಲ್ಲ ಗೊತ್ತು. ಅಪ್ಪ ಗಲ್ಫಿನಲ್ಲಿದ್ದು ಮಗುವನ್ನು ಅಲ್ಲಿಯ ಶಾಲೆಗೆ ಸೇರಿಸುವುದಾದರೆ ಆ ಟಿ.ಸಿ.ಗೆ ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ, ಕಾರವಾರದ ಡಿಡಿಪಿಐ (ಜಿಲ್ಲೆಯ ಶಿಕ್ಷಣ ಇಲಾಖೆ ಉಪನಿರ್ದೇಶಕರು) ಮೇಲುಸಹಿ. ಸರಿ, ಒಪ್ಪಿದೆ. ಬಿಇಓ ಸಾಹೇಬರು ನನ್ನ ಸಹಿ ಬಲ್ಲರು, ಡಿಡಿಪಿಐ ಕಚೇರಿಯವರು ಬಿಇಓ ಸಹಿ ಬಲ್ಲರು. ಅನುಮಾನ ಬಂದರೆ ಒಂದು ಫೋನ್ ಮಾಡಿದರೆ ನಾನು ಶಾಲೆಯ ಜನರಲ್ ರಿಜಿಸ್ಟರ್ ತೆಗೆದು ಓದಿ ಹೇಳುತ್ತಿದ್ದೆ. ಮಗುವನ್ನು ಬಲ್ಲವರ ಪರೀಕ್ಷೆ ಕಾರವಾರದಲ್ಲೇ ಮುಗಿಯಿತು. ಅಲ್ಲಿಂದ 500 ಕಿಲೋಮೀಟರಿಗೂ ಜಾಸ್ತಿ ದೂರದಲ್ಲಿ, ನನ್ನನ್ನೂ ಮಗುವನ್ನೂ ಕಂಡೇ ಇರದವರು ಹಾಕುವ ಮೊಹರಿನಿಂದ ಆ ಕಾಗದ ಇನ್ನಷ್ಟು ನಿಜವಾಗುತ್ತದಾ?

"ನಕಲಿ ಅಂಕಪಟ್ಟಿ ಹಾವಳಿ ಗೊತ್ತಿಲ್ವಾ ನಿಮಗೆ?" ಎಂದು ಕೆಲವರು ಕೇಳುತ್ತಾರೆ. ಗೊತ್ತಿದೆ. ಮೂವತ್ತು ವರ್ಷ ಮಕ್ಕಳ ಬೆವರು ನೋಡಿದವಳು ನಾನು, ನಕಲಿ ಕಾಗದ ಕಂಡರೆ ನನಗೆ ಎಲ್ಲರಿಗಿಂತ ಜಾಸ್ತಿ ಉರಿಯುತ್ತದೆ. ಆದರೆ ನಕಲಿಯನ್ನು ಹಿಡಿಯುವುದು ರಿಜಿಸ್ಟರು. ಆ ರಿಜಿಸ್ಟರು ಇರುವುದು ಶಾಲೆಯಲ್ಲಿ, ಪಂಚಾಯ್ತಿಯಲ್ಲಿ, ಪುರಸಭೆಯಲ್ಲಿ, ವಿಶ್ವವಿದ್ಯಾಲಯದಲ್ಲಿ. ದೂರ ಹೆಚ್ಚಾದಷ್ಟೂ ಏಜೆಂಟರು ಹೆಚ್ಚಾಗುತ್ತಾರೆ, ಕಳ್ಳತನಕ್ಕೆ ಜಾಗ ಸಿಗುವುದೇ ಅಲ್ಲಿ. ಅಪೊಸ್ಟಿಲ್‌ಗೆ ಕೇಂದ್ರ ಸರ್ಕಾರದ ಶುಲ್ಕ ಒಂದು ದಾಖಲೆಗೆ 50 ರೂಪಾಯಿ. ಅರ್ಜಿ ತೆಗೆದುಕೊಳ್ಳುವ ಸಂಸ್ಥೆಯವರು ತಮ್ಮ ಸಣ್ಣ ಸೇವಾ ಶುಲ್ಕ ಸೇರಿಸುತ್ತಾರೆ. ನಮ್ಮ ಹುಡುಗರ ಹತ್ತಿರ ಏಜೆಂಟರು ವಸೂಲಿ ಮಾಡುವುದು ಸಾವಿರಗಟ್ಟಲೆ. ಆ ಹಣ ಹೋಗುವುದು ದೂರಕ್ಕೆ ಮತ್ತು ಹೆದರಿಕೆಗೆ. ಮೂಲ ಪ್ರಮಾಣಪತ್ರವನ್ನೇ ಗುರುತಿಲ್ಲದವರ ಕೈಗೆ ಕೊಟ್ಟು ಎದೆ ಹಿಡಿದುಕೊಂಡು ಕೂರಬೇಕು.

2017ರಿಂದ ದಾಖಲೆ ದೃಢೀಕರಣಕ್ಕೆ ಕೇಂದ್ರದ ಇ-ಸನದ್ ಜಾಲತಾಣ ಇದೆಯಲ್ಲ, ಆನ್‌ಲೈನಿನಲ್ಲೇ ಆಗುತ್ತದೆ ಎನ್ನುವವರಿಗೂ ಒಂದು ಮಾತು. ಒಳ್ಳೆಯ ವ್ಯವಸ್ಥೆ, ಬೆಳೆಯಲಿ. ದಾಖಲೆ ಕೊಟ್ಟ ಸಂಸ್ಥೆ ಅದನ್ನು ಡಿಜಿಟಲ್ ಮಾಡಿಟ್ಟಿದ್ದರೆ ಕೆಲಸ ಸಲೀಸು. ಕೈಬರಹದ ಜನನ ಪತ್ರ ಇಟ್ಟುಕೊಂಡವರು ಏನು ಮಾಡಬೇಕು? ನಮ್ಮ ತಾಲೂಕಿನಲ್ಲಿ ನಡುವಯಸ್ಸಿನ ಎಷ್ಟೋ ಜನರ ಹತ್ತಿರ ಇರುವುದು ಅದೇ.

ಇದನ್ನೆಲ್ಲ ಬರೆಯುವಾಗ ಅಪ್ಪ ತೀರಿಕೊಂಡ ವರ್ಷ ನೆನಪಾಗುತ್ತಿದೆ. ಶಿರಸಿ ಹತ್ತಿರದ ಅಡಿಕೆ ತೋಟದ ಪಾಲಿಗೆ ಅಣ್ಣನ ಸಹಿ ಬೇಕಿತ್ತು. ಅಣ್ಣ ಅಮೆರಿಕದಲ್ಲಿ. ಬರಲಾಗಲಿಲ್ಲ. ಅವನ ಮೇಲೆ ನನಗೆ ತುಂಬಾ ಕೋಪ ಇತ್ತು, ಫೋನಿನಲ್ಲಿ ಸರಿಯಾಗಿ ಮಾತಾಡುತ್ತಲೂ ಇರಲಿಲ್ಲ. ಅವನು ನನ್ನ ಹೆಸರಿಗೆ ಅಧಿಕಾರಪತ್ರ ಬರೆದು, ಊರಿನ ನೋಟರಿ ಹತ್ತಿರ ಸಹಿ ಮಾಡಿಸಿ, ತಾನಿರುವ ರಾಜ್ಯದ ಕಚೇರಿಗೆ ಅಂಚೆಯಲ್ಲಿ ಕಳಿಸಿದ. ಅಪೊಸ್ಟಿಲ್ ಅಂಚೆಯಲ್ಲೇ ಮನೆಗೆ ವಾಪಸ್ ಬಂತು. ಅಲ್ಲಿ ಆಯಾ ರಾಜ್ಯವೇ ಅದನ್ನು ಕೊಡುತ್ತದೆ, ವಾಷಿಂಗ್ಟನ್ನಿಗೆ ಯಾರೂ ಓಡಬೇಕಿಲ್ಲ. ಕಾಗದ ನನ್ನ ಕೈಗೆ ಬಂದು ಮೂರು ತಿಂಗಳೊಳಗೆ ನಾನು ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಿದೆ, ಕೆಲಸ ಆಯಿತು. ಆ ಕಾಗದದಲ್ಲಿ ಅವನ ಸಹಿ ನೋಡಿ ನಾನು ಅತ್ತುಬಿಟ್ಟೆ. ಅವತ್ತೇ ಅವನಿಗೆ ಫೋನ್ ಮಾಡಿದೆ.

ಹೊರದೇಶದ ಒಂದು ರಾಜ್ಯ ಅಂಚೆಯಲ್ಲಿ ಮಾಡುವ ಕೆಲಸ ನಮ್ಮ ಜಿಲ್ಲೆಯಲ್ಲಿ ಯಾಕೆ ಆಗುವುದಿಲ್ಲ? ಇದೇ ವಿದೇಶಾಂಗ ಸಚಿವಾಲಯ 2017ರಿಂದ ಪಾಸ್‌ಪೋರ್ಟ್ ಸೇವೆಯನ್ನು ಅಂಚೆ ಕಚೇರಿಗಳಿಗೆ ತಂದಿತು, ಮೈಸೂರಿನಲ್ಲೇ ಶುರುವಾಯಿತು. ಹೈಕೋರ್ಟ್ ಕೂಡ ನಮ್ಮ ಕಡೆಗೆ ಬಂತು. 2008ರಲ್ಲಿ ಧಾರವಾಡದಲ್ಲಿ ಸಂಚಾರಿ ಪೀಠ, 2013ರಲ್ಲಿ ಖಾಯಂ ಪೀಠ. ನ್ಯಾಯ ಧಾರವಾಡಕ್ಕೆ ಬರಬಹುದು, ಒಂದು ಮೊಹರು ಕಾರವಾರಕ್ಕೆ ಬರಬಾರದಾ? 2019ರಿಂದ ಸಚಿವಾಲಯದ ದೃಢೀಕರಣ ಪಣಜಿಯಲ್ಲೂ ಸಿಗುತ್ತದೆ. ಕಾರವಾರದಿಂದ ಪಣಜಿ ಸುಮಾರು ನೂರು ಕಿಲೋಮೀಟರ್. ರಾಜ್ಯದ ಮೊಹರು ಕಾರವಾರದಲ್ಲೇ ಸಿಕ್ಕಿ, ನಮ್ಮ ಕಾಗದಗಳನ್ನು ಪಣಜಿಯಲ್ಲಿ ತೆಗೆದುಕೊಳ್ಳುವ ಹಾಗಾದರೆ ಬೆಳಿಗ್ಗೆ ಹೋಗಿ ಸಂಜೆ ಊಟಕ್ಕೆ ಮನೆಗೆ ಬರಬಹುದು. ಆಸ್ಪತ್ರೆಗೆ ಮಣಿಪಾಲ, ಮಂಗಳೂರು, ಗೋವಾ ಅಂತ ಓಡಿ ಓಡಿ ಈ ಜಿಲ್ಲೆಯ ಜನಕ್ಕೆ ಓಡುವುದೇ ಅಭ್ಯಾಸವಾಗಿಬಿಟ್ಟಿದೆ. ಅಭ್ಯಾಸವಾಗಿದೆ ಅಂತ ಸುಮ್ನೆ ಇರಬೇಕಾ?

ಮನೆಯಲ್ಲಿ ಮಕ್ಕಳ ಮೂಲ ಪ್ರಮಾಣಪತ್ರ ಇರುವವರು ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ. ತೆರೆದು ಮುಚ್ಚುವ ಪ್ಲಾಸ್ಟಿಕ್ ಕವರಿನಲ್ಲಿಡಿ. ಹೆಸರಿನ ಅಕ್ಷರ ಎಲ್ಲ ದಾಖಲೆಯಲ್ಲೂ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಇದೆಯಾ ಅಂತ ಇವತ್ತೇ ನೋಡಿ.

ಜಿಲ್ಲಾಧಿಕಾರಿಗಳಿಗೆ ಒಂದು ಮನವಿ ಬರೆದಿದ್ದೇನೆ. ಕೇಳಿರುವುದು ಇಷ್ಟೇ. ಜಿಲ್ಲೆಯ ಅಧಿಕಾರಿಗಳ ಮಾದರಿ ಸಹಿಗಳನ್ನೆಲ್ಲ ಕಾರವಾರದಲ್ಲೇ ಇಟ್ಟು, ರಾಜ್ಯದ ದೃಢೀಕರಣ ಜಿಲ್ಲಾ ಕೇಂದ್ರದಲ್ಲೇ ಸಿಗುವಂತೆ ಸರ್ಕಾರಕ್ಕೆ ಶಿಫಾರಸು ಮಾಡಿ ಅಂತ. ಭಾನುವಾರ ಸಂಜೆವರೆಗೆ ಮನವಿ ನನ್ನ ಮನೆಯಲ್ಲಿರುತ್ತದೆ. ಬಂದು ಸಹಿ ಹಾಕಿ. ಭಟ್ಕಳ, ಹೊನ್ನಾವರ, ಅಂಕೋಲಾ ಕಡೆಯವರು ಹೇಳಿದರೆ ಪ್ರತಿ ಕಳಿಸುತ್ತೇನೆ. ಸೋಮವಾರ ಬೆಳಿಗ್ಗೆ ಕಾರವಾರಕ್ಕೆ ಹೊರಟಿದ್ದೇನೆ, ಜೊತೆಗೆ ಬರುವವರು ಫೋನ್ ಮಾಡಿ.