ಕಾಯಿ ಇದ್ದವರು, ಕಾಯಬಲ್ಲವರು

ನಮ್ಮ ತಿಪಟೂರು ಕಡೆ ಯಾರನ್ನಾದರೂ ಶ್ರೀಮಂತರು ಅಂತ ಕರೆಯುವುದು ಕಡಿಮೆ. "ಅನುಕೂಲವಾಗಿದ್ದಾರೆ" ಅನ್ನುತ್ತಾರೆ. ಹೆಣ್ಣು ಕೊಡುವಾಗ ವಿಚಾರಿಸುವುದೂ ಹಾಗೆಯೇ, "ಹುಡುಗನ ಕಡೆಯವರು ಅನುಕೂಲಸ್ಥರಾ?" ಆ ಅನುಕೂಲಸ್ಥರನ್ನೇ ಹೋಗಿ ಕೇಳಿ ನೋಡಿ. "ಎಲ್ಲಿಯ ಅನುಕೂಲ ಬುಡವ್ವ, ಊಟಕ್ಕೆ ತೊಂದ್ರೆ ಇಲ್ಲ ಅಷ್ಟೇ" ಅನ್ನುತ್ತಾರೆ. ಹಾಗಾಗಿ ಶ್ರೀಮಂತರು ಯಾವಾಗಲೂ ಪಕ್ಕದ ಬೀದಿಯಲ್ಲೇ ಇರುತ್ತಾರೆ. ನಮ್ಮ ಬೀದಿಗೆ ಬರುವುದಿಲ್ಲ.

ಮೊನ್ನೆ ಊರಲ್ಲಿ ಒಂದು ಗೃಹಪ್ರವೇಶ. ಪಂಕ್ತಿಯಲ್ಲಿ ಪಕ್ಕ ಕೂತಿದ್ದ ದೊಡ್ಡಮ್ಮ, "ನಿಂಗೇನವ್ವ, ಬೆಂಗಳೂರಲ್ಲಿ ಸ್ವಂತ ಮನೆ, ಗಂಡ ಹೆಂಡ್ತಿ ಇಬ್ಬರಿಗೂ ಸಂಬಳ" ಅಂದರು. ನಾನು ನಕ್ಕು "ಸಾಲದ ಮನೆ ದೊಡ್ಡಮ್ಮ" ಅಂದೆ. ಅವರು ನಂಬಲಿಲ್ಲ. ಹೋಳಿಗೆಗೆ ಇನ್ನೊಂದು ಸಲ ತುಪ್ಪ ಹಾಕಿಸಿಕೊಂಡು, "ನಾವೂ ಹಂಗೇ ಹೇಳೋದು" ಅಂದರು.

ವಾಪಸ್ ಬರುವಾಗ ರೈಲಿನಲ್ಲಿ ಕೂತು ಯೋಚಿಸಿದೆ. ನಾನು ಶ್ರೀಮಂತಳಾ? ಸರ್ಕಾರವನ್ನು ಕೇಳೋಣ ಅಂದರೆ ಅದರ ಹತ್ತಿರ ಒಂದು ಉತ್ತರವಿಲ್ಲ. ವರ್ಷಕ್ಕೆ 1.20 ಲಕ್ಷಕ್ಕಿಂತ ಜಾಸ್ತಿ ಆದಾಯ ಇದ್ದರೆ ನಮ್ಮ ರಾಜ್ಯದಲ್ಲಿ ಬಿಪಿಎಲ್ ಕಾರ್ಡ್ ಇಲ್ಲ. ಅಂದರೆ ನೀವು ಬಡವರಲ್ಲ. ಅದೇ 8 ಲಕ್ಷದ ಒಳಗಿದ್ದರೆ, ಇಡಬ್ಲ್ಯೂಎಸ್ ಮೀಸಲಾತಿಯ ಲೆಕ್ಕದಲ್ಲಿ ನೀವು ಆರ್ಥಿಕವಾಗಿ ದುರ್ಬಲರು. ಇನ್ನು 2025ರ ಬಜೆಟ್ ಆದ ಮೇಲೆ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ಆದಾಯ ತೆರಿಗೆಯೇ ಇಲ್ಲ. ತಿಂಗಳಿಗೆ ಅರವತ್ತು ಸಾವಿರ ದುಡಿಯುವವನು ಒಂದು ಕಚೇರಿಯಲ್ಲಿ ಬಡವನಲ್ಲ, ಇನ್ನೊಂದರಲ್ಲಿ ದುರ್ಬಲ, ಮೂರನೆಯದರಲ್ಲಿ ತೆರಿಗೆ ಕೇಳುವಷ್ಟು ಉಳ್ಳವನಲ್ಲ. ಹಿಂದೆ ಸಂಪತ್ತಿನ ತೆರಿಗೆ ಅಂತ ಒಂದಿತ್ತು. 30 ಲಕ್ಷ ದಾಟಿದ ಸಂಪತ್ತಿಗೆ ಶೇಕಡ 1. 2015ರ ಬಜೆಟ್‌ನಲ್ಲಿ ಅದನ್ನೂ ತೆಗೆದುಹಾಕಿದರು. ಈ ಸರ್ಕಾರಿ ಗೆರೆಗಳನ್ನೆಲ್ಲ ನೋಡಿದರೆ ನಗು ಬರುತ್ತದೆ. ಗೆರೆ ಎಳೆದವರ ತಪ್ಪು ಅಂತಲೂ ಹೇಳಲಾರೆ. ಆದಾಯ ಅನ್ನುವುದೇ ಶ್ರೀಮಂತಿಕೆಯನ್ನು ಅಳೆಯುವ ಸೇರು ಅಲ್ಲ ಅಂತ ನನ್ನ ಅನಿಸಿಕೆ.

ನನ್ನ ಅಳತೆ ನಮ್ಮ ಮನೆಯ ಅಟ್ಟದಿಂದ ಬಂದದ್ದು.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ನಮ್ಮ ಕಡೆ ಉಂಡೆ ಕೊಬ್ಬರಿ ಮಾಡುವುದು ಬಿಸಿಲಿಗೆ ಒಣಗಿಸಿ ಅಲ್ಲ. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಬಿಡುವುದು. ಹತ್ತು ಹನ್ನೊಂದು ತಿಂಗಳು. ಒಳಗಿನ ನೀರು ತಾನೇ ಇಂಗಬೇಕು. ತಿರುಳು ಚಿಪ್ಪಿನಿಂದ ತಾನೇ ಬಿಡಿಸಿಕೊಳ್ಳಬೇಕು. ಮಧ್ಯೆ ಮಾಡುವ ಕೆಲಸ ಹೆಚ್ಚೇನಿಲ್ಲ, ಇಲಿ ಕಾಯುವುದು, ಮಳೆಗಾಲದಲ್ಲಿ ಹೆಂಚು ಸೋರದ ಹಾಗೆ ನೋಡಿಕೊಳ್ಳುವುದು. ಆಗಾಗ ಒಂದು ಕಾಯಿ ತೆಗೆದು ಕಿವಿ ಹತ್ತಿರ ಅಲ್ಲಾಡಿಸುವುದು. ನೀರು ಕುಲುಕಿದರೆ ಇನ್ನೂ ಆಗಿಲ್ಲ. ನೀರು ಹೋಗಿ ಉಂಡೆ ಒಳಗೆ ಗೊಟಗೊಟ ಉರುಳಿದರೆ ಗಿಟಕು ಆಯಿತು ಅಂತ. ನನ್ನ ಅಪ್ಪ ಈ ಸದ್ದನ್ನು ನಿದ್ದೆಯಲ್ಲೂ ಗುರುತಿಸುತ್ತಿದ್ದರು. ಅರ್ಧ ನಿಂತ ಸದ್ದು, ಪೂರ್ತಿ ನಿಂತ ಸದ್ದು, ಕೆಟ್ಟ ಕಾಯಿಯ ಮಂಕು ಸದ್ದು. ಎಲ್ಲ ಬೇರೆ ಬೇರೆ.

ಈಗ ನೋಡಿ. ಊರಲ್ಲಿ ತೆಂಗಿನ ತೋಟ ಇಲ್ಲದವರು ಕಡಿಮೆ. ಆದರೆ ಎಲ್ಲರ ಅಟ್ಟದಲ್ಲೂ ಕಾಯಿ ಇರುತ್ತಿರಲಿಲ್ಲ. ದುಡ್ಡು ಬೇಕಾದವನು ಎಳನೀರು ಇದ್ದಾಗಲೇ ಕೊಯ್ಯಿಸಿ ಗಾಡಿಗೆ ತುಂಬುತ್ತಿದ್ದ. ಅವನಿಗಿಂತ ಸ್ವಲ್ಪ ವಾಸಿ ಇದ್ದವನು ಬಲಿತ ಮೇಲೆ ಹಸಿಕಾಯಿ ಮಾರುತ್ತಿದ್ದ. ಅವನಿಗಿಂತ ಅನುಕೂಲವಾಗಿದ್ದವನು ಅಟ್ಟಕ್ಕೆ ಏರಿಸುತ್ತಿದ್ದ. ಎಲ್ಲರಿಗಿಂತ ಅನುಕೂಲವಾಗಿದ್ದವನು, ಕೊಬ್ಬರಿ ಆದ ಮೇಲೂ ತಿಪಟೂರು ಎಪಿಎಂಸಿಯ ಹರಾಜಿನ ದರ ನೋಡಿ, "ಈ ವಾರ ಬ್ಯಾಡ, ಬುಡು" ಅಂತ ಮನೆಗೆ ಬರುತ್ತಿದ್ದ. ಮರ ಒಂದೇ, ಗೊನೆ ಒಂದೇ. ವ್ಯತ್ಯಾಸ ಇದ್ದದ್ದು ಯಾರು ಎಷ್ಟು ದಿನ ಕಾಯಬಲ್ಲರು ಅನ್ನುವುದರಲ್ಲಿ.

ಮಂಡಿಯವರಿಗೆ ಈ ಗುಟ್ಟು ನಮಗಿಂತ ಚೆನ್ನಾಗಿ ಗೊತ್ತು. ಮದುವೆಗೋ ಆಸ್ಪತ್ರೆಗೋ ಅಂತ ಅಟ್ಟದಲ್ಲಿನ್ನೂ ನೀರು ಕುಲುಕುವಾಗಲೇ ಮುಂಗಡ ಕೊಡುತ್ತಾರೆ. ಆಮೇಲೆ ಕೊಬ್ಬರಿ ಆ ಮಂಡಿಗೇ ಹೋಗಬೇಕು, ಅವರು ಹೇಳಿದ ಹೊತ್ತಿಗೇ ಹೋಗಬೇಕು. ಅವರು ಕೊಂಡುಕೊಳ್ಳುವುದು ಕೊಬ್ಬರಿಯನ್ನಲ್ಲ, ರೈತ ಕಾಯುವ ದಿನಗಳನ್ನು. ಅವರನ್ನು ಬೈಯುತ್ತಿಲ್ಲ. ಮುಂಗಡ ಸಿಗದೇ ಹೋಗಿದ್ದರೆ ನನ್ನ ಓದು ಪಿಯುಸಿಗೇ ನಿಲ್ಲುತ್ತಿತ್ತು.

"ಓಹೋ, ಹಾಗಾದ್ರೆ ತಾಳ್ಮೆ ಇದ್ದವನೇ ಶ್ರೀಮಂತ" ಅಂತ ಯಾರಾದರೂ ಕಮೆಂಟ್ ಹಾಕುವ ಮೊದಲೇ ಹೇಳಿಬಿಡುತ್ತೇನೆ. ತಾಳ್ಮೆಗೂ ಇದಕ್ಕೂ ಸಂಬಂಧ ಇಲ್ಲ ಮಾರಾಯ್ರೆ. ತಾಳ್ಮೆ ಬಡವರಿಗೆ ಇದ್ದಷ್ಟು ಯಾರಿಗೂ ಇಲ್ಲ. ತಾಲ್ಲೂಕು ಆಫೀಸಿನ ಬಾಗಿಲಲ್ಲಿ ನೋಡಿ, ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ನೋಡಿ. 2024ರಲ್ಲಿ ಬೆಂಬಲ ಬೆಲೆಗೆ ಕೊಳ್ಳುವ ನಾಫೆಡ್‌ಗೆ ಕೊಬ್ಬರಿ ಕೊಡಲು ನೋಂದಣಿ ಶುರುವಾದಾಗ ರೈತರು ನಿಂತ ಸಾಲು ನೋಡಬೇಕಿತ್ತು. ಆ ಕಾಯುವಿಕೆ ಬೇರೆ. ಅದು ಬೇರೆಯವರು ಕಾಯಿಸುವುದು. ನಾನು ಹೇಳುತ್ತಿರುವುದು, "ಈಗ ಬೇಡ" ಅಂತ ನಾವೇ ಹೇಳಬಲ್ಲ ತಾಕತ್ತು.

ಕಾದವರೆಲ್ಲ ಗೆದ್ದರು ಅಂತಲೂ ಅಲ್ಲ. 2021ರಲ್ಲಿ ಕೊಬ್ಬರಿ ಕ್ವಿಂಟಾಲಿಗೆ 15 ಸಾವಿರದ ಮೇಲಿತ್ತು. ಇನ್ನೂ ಏರುತ್ತದೆ ಅಂತ ತುಂಬಾ ಜನ ಅಟ್ಟ ಇಳಿಸಲಿಲ್ಲ. ಬೆಲೆ ಇಳಿಯುತ್ತಾ ಹೋಗಿ 2023ರಲ್ಲಿ 8 ಸಾವಿರದ ಆಸುಪಾಸಿಗೆ ಬಂತು. ಕೇಂದ್ರದ ಬೆಂಬಲ ಬೆಲೆ ಆ ವರ್ಷ 11,750 ರೂಪಾಯಿ. ಮಾರುಕಟ್ಟೆ ಅದರ ಹತ್ತಿರವೂ ಬರಲಿಲ್ಲ. ನಮ್ಮೂರಿನಲ್ಲಿ ಆಗ ಇಬ್ಬರು ಒಂದೇ ತಪ್ಪು ಮಾಡಿದರು. ಒಬ್ಬರು, ಅನುಕೂಲಸ್ಥರು ಅಂತ ಊರವರೆಲ್ಲ ಹೇಳುವವರು. ದೊಡ್ಡ ತೋಟ, ಪೇಟೆಯಲ್ಲಿ ಎರಡು ಮಳಿಗೆ ಬಾಡಿಗೆ. ಅವರ ಕೊಬ್ಬರಿ ಅರ್ಧ ಬೆಲೆಗೆ ಹೋಯಿತು. "ಹೋದ್ರೆ ಹೋಯ್ತು, ಬರೋ ವರ್ಷ ನೋಡೋಣ" ಅಂದರು. ಆ ವರ್ಷವೇ ಮಗಳ ಮದುವೆಯನ್ನೂ ಮಾಡಿದರು. ಇನ್ನೊಬ್ಬ ನನ್ನ ಚಿಕ್ಕಪ್ಪನ ಮಗ. ಹೆಂಡತಿಯ ಸರ ಅಡ ಇಟ್ಟು, ಆ ದುಡ್ಡಲ್ಲಿ ಮನೆ ನಡೆಸಿಕೊಂಡು ಕೊಬ್ಬರಿ ಇಟ್ಟುಕೊಂಡಿದ್ದ. ಬೆಲೆ ಬಿತ್ತು, ಬಡ್ಡಿ ಬೆಳೆಯಿತು, ಸರ ಹರಾಜಿಗೆ ಹೋಯಿತು. ಇಂದಿಗೂ ಆ ಮನೆಯಲ್ಲಿ ಕೊಬ್ಬರಿ ಮಿಠಾಯಿ ಮಾಡಿದರೂ ಆ ಮಾತು ಬರುತ್ತದೆ.

ತಪ್ಪು ಒಂದೇ. ಒಬ್ಬರಿಗೆ ಅದು ಸುದ್ದಿ, ಇನ್ನೊಬ್ಬನಿಗೆ ಸರ. ಬಡ್ಡಿ ಕಟ್ಟಿಕೊಂಡು ಕಾಯುವುದು ಕಾಯುವುದಲ್ಲ, ಅದು ಬಾಡಿಗೆಗೆ ತಂದ ಶ್ರೀಮಂತಿಕೆ.

ಈ ಕಥೆ ಬರೀ ತೆಂಗಿನದು ಅಂದುಕೊಳ್ಳಬೇಡಿ. 2023ರಲ್ಲೇ ನನ್ನ ಗಂಡನ ಕೆಲಸ ಹೋಯಿತು. ಕಂಪನಿ ಹೆಸರು ಬೇಡ. ಒಂದು ಬೆಳಿಗ್ಗೆ ಮೀಟಿಂಗ್ ಕರೆದರು, ಹನ್ನೆರಡು ನಿಮಿಷ, ಮಧ್ಯಾಹ್ನಕ್ಕೆ ಲ್ಯಾಪ್‌ಟಾಪ್ ಲಾಕ್. ನಮ್ಮ ಹತ್ತಿರ ಇದ್ದದ್ದು ಮೂರು ತಿಂಗಳ ಕಂತಿನಷ್ಟು ದುಡ್ಡು. ಇವರ ಜೊತೆಗೇ ಕೆಲಸ ಕಳೆದುಕೊಂಡ ಇನ್ನೊಬ್ಬರಿದ್ದರು. ಅಪ್ಪ ಕಟ್ಟಿಸಿದ ಮನೆ, ಕೆಳಗೆ ಎರಡು ಬಾಡಿಗೆ. ಅವರು ಎಂಟು ತಿಂಗಳು ಮನೆಯಲ್ಲಿದ್ದು, ಏನೋ ಹೊಸ ಕೋರ್ಸ್ ಮಾಡಿ, ಮೊದಲಿಗಿಂತ ಒಳ್ಳೆಯ ಕೆಲಸಕ್ಕೆ ಸೇರಿದರು. ನಮ್ಮವರು ಐದನೇ ವಾರಕ್ಕೆ ಸಿಕ್ಕಿದ ಮೊದಲನೇ ಕೆಲಸ ಹಿಡಿದರು. ಸಂಬಳ ಮೂರನೇ ಒಂದು ಭಾಗ ಕಡಿಮೆ. ಇಬ್ಬರೂ ಒಂದೇ ಕೆಲಸದವರು, ಸಂಬಳವೂ ಹೆಚ್ಚುಕಡಿಮೆ ಒಂದೇ ಇತ್ತು. ನಮ್ಮವರು ಎಳನೀರಿನಲ್ಲೇ ಮಾರಿಕೊಂಡರು ಅಂತ ನಾನು ಆಗಾಗ ತಮಾಷೆ ಮಾಡುತ್ತೇನೆ. ಅವರಿಗೆ ಅಷ್ಟೇನೂ ನಗು ಬರುವುದಿಲ್ಲ.

ಆದ್ದರಿಂದ ಈಗ ಯಾರ ಕಾರು ಯಾವುದು, ಫ್ಲ್ಯಾಟ್ ಎಷ್ಟು ಚದರ ಅಂತ ನಾನು ನೋಡುವುದಿಲ್ಲ. ಸಂಬಳ ನಿಂತರೆ ಎಷ್ಟು ತಿಂಗಳು "ಈ ಕೆಲಸ ಬೇಡ" ಅನ್ನಬಲ್ಲರು? ಡಾಕ್ಟರು ಇವತ್ತೇ ಆಪರೇಷನ್ ಅಂದರೆ, ಇನ್ನೊಬ್ಬರನ್ನು ಕೇಳಿ ನೋಡೋಣ ಅನ್ನುವಷ್ಟು ಪುರಸೊತ್ತು, ದುಡ್ಡು ಎರಡೂ ಇದೆಯಾ? ಈ ಲೆಕ್ಕದಲ್ಲಿ ನನ್ನ ಅಪಾರ್ಟ್‌ಮೆಂಟಿನ ಅರ್ಧಕ್ಕರ್ಧ ಜನ ಬಡವರು. ನಾನೂ ಸೇರಿ. ಲಿಫ್ಟಿನಲ್ಲಿ ಒಳ್ಳೆಯ ಸೆಂಟಿನ ವಾಸನೆ ಬರುತ್ತದೆ, ಅದು ಬೇರೆ ಮಾತು.

ಇಷ್ಟು ಬರೆದ ಮೇಲೆ ಅಮ್ಮನ ವಿಷಯ ಬರೆಯದೆ ಬಿಟ್ಟರೆ ಮೋಸ ಆಗುತ್ತದೆ.

ನಮ್ಮ ಮನೆಯಲ್ಲಿ ಅಟ್ಟದ ತುಂಬ ಕಾಯಿ ಇದ್ದ ವರ್ಷಗಳೂ ಇದ್ದವು. ಊರ ಲೆಕ್ಕದಲ್ಲಿ ನಾವು ಅನುಕೂಲವಾಗಿಯೇ ಇದ್ದೆವು. ಅದೇ ಅಟ್ಟದ ಕೆಳಗೆ ನಿಂತು ಅಮ್ಮ ಹತ್ತು ರೂಪಾಯಿಗೆ ಅಪ್ಪನ ಮುಖ ನೋಡುತ್ತಿದ್ದಳು. ಅಪ್ಪ ಕೆಟ್ಟವರಲ್ಲ. "ಕೊಬ್ಬರಿ ಹೋಗ್ಲಿ, ಕೊಡ್ತೀನಿ" ಅನ್ನುತ್ತಿದ್ದರು. ಅಮ್ಮನ ಹಲ್ಲು ನೋವು ಒಂದು ಇಡೀ ವರ್ಷ ಅಟ್ಟದ ಕಾಯಿಯ ಜೊತೆ ಕಾದಿತ್ತು. ಕೊನೆಗೆ ಕೊಬ್ಬರಿಗೆ ಬೆಲೆ ಬಂತು, ಹಲ್ಲು ಹೋಯಿತು. ಮನೆಯಲ್ಲಿ ಅವಳದು ಅಂತ ಇದ್ದ ದುಡ್ಡು ಚಿಪ್ಪಿನದು ಮಾತ್ರ. ಕೊಬ್ಬರಿ ಒಡೆದ ಮೇಲೆ ಉಳಿದ ಚಿಪ್ಪನ್ನು ಇದ್ದಿಲು ಸುಡುವವರು ಕೊಂಡುಹೋಗುತ್ತಿದ್ದರು. ಆ ಚಿಲ್ಲರೆಯನ್ನು ಸಾಸಿವೆ ಡಬ್ಬಿಯಲ್ಲಿ ಇಡುತ್ತಿದ್ದಳು. ಒಂದು ಮನೆ ಶ್ರೀಮಂತ ಅಂದರೆ ಒಳಗಿರುವವರೆಲ್ಲ ಶ್ರೀಮಂತರು ಅಂತ ಅಲ್ಲ. ಅಪ್ಪನಿಗೆ ಕಾಯುವ ತಾಕತ್ತು ಬಂದದ್ದು ಅಮ್ಮ ಬಾಯಿ ಮುಚ್ಚಿಕೊಂಡಿದ್ದರಿಂದಲೂ ಹೌದು. ಇದು ನನಗೆ ಹೊಳೆದದ್ದು ನನಗೇ ನಲವತ್ತು ದಾಟಿದ ಮೇಲೆ.

ಈಗ ಅಪ್ಪ ಇಲ್ಲ. ತೋಟ ತಮ್ಮ ನೋಡಿಕೊಳ್ಳುತ್ತಾನೆ. 2023ರಲ್ಲಿ ಮಳೆ ಕೈಕೊಟ್ಟಿತ್ತಲ್ಲ, ರಾಜ್ಯದ 236 ತಾಲ್ಲೂಕಿನಲ್ಲಿ 223 ಬರಪೀಡಿತ ಅಂತ ಘೋಷಣೆ ಆಯಿತು. 2024ರ ಶುರುವಿನಲ್ಲಿ ನಮ್ಮ ಬೋರು ನಿಂತಿತು. ಹೊಸ ಬೋರು ಕೊರೆಸದೆ ಮರ ಉಳಿಯುವುದಿಲ್ಲ. ತಮ್ಮ ನಾಲ್ಕು ಸಾವಿರ ಎಳನೀರು 17 ರೂಪಾಯಿಯಂತೆ ಕೊಟ್ಟುಬಿಟ್ಟ. 68 ಸಾವಿರ ಬಂತು, ಬೋರಿಗೆ ಹೋಯಿತು. ನೀರೇನೋ ಬಿತ್ತು. ಆಮೇಲೆ 2025ರ ಮಧ್ಯಕ್ಕೆ ತಿಪಟೂರಿನಲ್ಲಿ ಕೊಬ್ಬರಿ 25 ಸಾವಿರ ದಾಟಿತು. ಬರ, ರೋಗ, ಎಲ್ಲರೂ ಎಳನೀರಿಗೇ ಕೊಟ್ಟಿದ್ದು, ಹೀಗೆ ಮಾಲೇ ಇರಲಿಲ್ಲ. ಏಳೆಂಟುನೂರು ಕಾಯಿಗೆ ಒಂದು ಕ್ವಿಂಟಾಲ್ ಹಿಡಿದರೂ, ಅವನು ಮಾರಿದ ಎಳನೀರು ಬಲಿತು ಅಟ್ಟದಲ್ಲಿ ಕೂತಿದ್ದರೆ ಐದು ಕ್ವಿಂಟಾಲ್ ಮೇಲೆ. ಒಂದೂಕಾಲು ಲಕ್ಷ. ಫೋನಿನಲ್ಲಿ ಈ ಲೆಕ್ಕ ಹೇಳಲು ಹೋದೆ. "ಅಕ್ಕಾ, ಬೋರು ಕೊರೆಸದಿದ್ರೆ ಮರಾನೇ ಇರ್ತಿರ್ಲಿಲ್ಲ, ಸುಮ್ನಿರು" ಅಂದ. ಸರಿಯಾಗಿಯೇ ಹೇಳಿದ. ಬೆಂಗಳೂರಿನಲ್ಲಿ ಕೂತು ಲೆಕ್ಕ ಹಾಕುವುದು ಸುಲಭ.

ಆ ಫೋನಿನಲ್ಲೇ ಇನ್ನೊಂದು ವಿಷಯ ಗೊತ್ತಾಯಿತು. ಅಟ್ಟ ಖಾಲಿ, ಆದರೆ ಅಮ್ಮನ ಕೋಣೆಯ ಮೂಲೆಯಲ್ಲಿ ಕಾಯಿ ಇದೆಯಂತೆ. ಹಿತ್ತಿಲಿನ ಎರಡು ಮರದ್ದು. ಅವನ್ನು ಅಮ್ಮ ಎಳನೀರಿನವರಿಗೆ ಮುಟ್ಟಲು ಬಿಟ್ಟಿರಲಿಲ್ಲ. ರೇಷನ್ ಕಾರ್ಡಿನಲ್ಲಿ ಮನೆ ಯಜಮಾನಿ ಅಮ್ಮ. ಗೃಹಲಕ್ಷ್ಮಿಯ ಎರಡು ಸಾವಿರ ಅವಳ ಖಾತೆಗೆ ಬರುತ್ತದೆ. ಒಮ್ಮೊಮ್ಮೆ ತಡ, ಒಮ್ಮೊಮ್ಮೆ ಎರಡು ತಿಂಗಳದ್ದು ಒಟ್ಟಿಗೆ. ಆದರೂ ಬರುತ್ತದೆ. ಮಾತ್ರೆಗೆ, ಎಲೆ ಅಡಿಕೆಗೆ ಯಾರನ್ನೂ ಕೇಳುವ ಹಾಗಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಇದಕ್ಕೆ ಬಿಟ್ಟಿ ಭಾಗ್ಯ ಅನ್ನುತ್ತಾರೆ. ದಿನಕ್ಕೆ ಒಬ್ಬರಾದರೂ ನಮ್ಮ ತೆರಿಗೆ ದುಡ್ಡು ಅಂತ ಬರೆಯುತ್ತಾರೆ. ಬರೆಯಲಿ. ಖಜಾನೆಯ ಕಷ್ಟ ಇಲ್ಲ ಅಂತ ನಾನೂ ಹೇಳುವುದಿಲ್ಲ. ಆದರೆ ಆ ಎರಡು ಸಾವಿರ ಅಮ್ಮನಿಗೆ ಏನು ಕೊಟ್ಟಿತು ಅಂತ ನನಗೆ ಗೊತ್ತು. ಎಪ್ಪತ್ತೆರಡನೇ ವಯಸ್ಸಿನಲ್ಲಿ ಅವಳು ಮೊದಲ ಸಲ ತನ್ನ ಕಾಯನ್ನು ತಾನು ಇಟ್ಟುಕೊಂಡಿದ್ದಾಳೆ.

ಗೃಹಪ್ರವೇಶಕ್ಕೆ ಹೋದ ದಿನ ಕೋಣೆಗೆ ಹೋಗಿ ನೋಡಿದೆ. ಮಂಚದ ಕೆಳಗೂ ಇದ್ದವು. ಸುಮಾರು ನೂರೈವತ್ತು ಇರಬಹುದು. ತಮ್ಮ ಬಾಗಿಲಲ್ಲಿ ನಿಂತು, "ನೀನಾದ್ರೂ ಹೇಳಕ್ಕ, ಈಗ ರೇಟ್ ಇದೆ, ನಂದರ ಜೊತೆ ಹಾಕ್ತೀನಿ ಅಂದ್ರೆ ಕೊಡ್ತಿಲ್ಲ" ಅಂದ. ಅಮ್ಮ ಏನೂ ಹೇಳಲಿಲ್ಲ. ಬಗ್ಗಿ ಒಂದು ಕಾಯಿ ಎತ್ತಿಕೊಂಡು ಕಿವಿ ಹತ್ತಿರ ಅಲ್ಲಾಡಿಸಿದಳು. ನನ್ನ ಕಿವಿಗೂ ಹಿಡಿದಳು. ಗೊಟಗೊಟ ಅಂತ ಚೆನ್ನಾಗಿಯೇ ಸದ್ದು ಬಂತು.

"ಇನ್ನೂ ನೀರೈತೆ" ಅಂದು ವಾಪಸ್ ಇಟ್ಟಳು.