ಒಂದೇ ಬಸ್ಸಿನಿಂದ ಇಳಿದವರು

ಶ್ರೀನಿವಾಸಪುರದ ಹತ್ತಿರದ ಹಳ್ಳಿಯಲ್ಲಿರುವ ಅಕ್ಕನ ಮನೆಯ ಸೀಮೆಹಸು ಹೋದ ಆಷಾಢದಲ್ಲಿ ಮೇವು ಬಿಟ್ಟಿತು. ಬೆಳಗ್ಗೆ ಒಂಬತ್ತು ಲೀಟರ್ ಕೊಡುತ್ತಿದ್ದದ್ದು ಮೂರಕ್ಕೆ ಇಳಿಯಿತು. ಜ್ವರ 105. ಬಂದು ನೋಡಿದವರು ಕೆಚ್ಚಲ ಸಂದಿಯ ಉಣ್ಣೆಗಳನ್ನು ಕಂಡು, ಒಂದು ಇಂಜೆಕ್ಷನ್ ಕೊಟ್ಟು, ಭಾವನ ಹಾಲಿನ ಲೆಕ್ಕದ ಪುಸ್ತಕದ ಹಿಂದೆ "ಉಣ್ಣೆ ಜ್ವರ" ಎಂದು ಬರೆದು ಹೋದರು. ಎರಡು ದಿನ ಕಳೆದರೂ ಜ್ವರ ಬಿಡಲಿಲ್ಲ.

ನಾನು ಲ್ಯಾಬಿನಲ್ಲಿ ರಕ್ತ ನೋಡುವವನು. ಅದೂ ಮನುಷ್ಯರದು. ಆದರೂ ಅಕ್ಕ ಫೋನಿನಲ್ಲಿ ಅತ್ತ ಮೇಲೆ ಸುಮ್ಮನಿರಲು ಆಗುತ್ತದೆಯೇ? ಹೋದಾಗ ಭಾವ ಹೇಳಿದ ಮಾತು ಕಿವಿಯಲ್ಲಿ ನಿಂತಿತು: "ಗಂಜಲ ಕೆಂಪಾಗಿಲ್ಲ ಕಣಪ್ಪ. ಹೋದ ವರ್ಷ ಪಕ್ಕದ ಮನೆಯ ಹಸುವಿಗೆ ಕಾಫಿ ಡಿಕಾಕ್ಷನ್ ಹಾಗೆ ಬರುತ್ತಿತ್ತು." ಕಿವಿಯ ತುದಿಯಿಂದ ಒಂದು ಹನಿ ರಕ್ತ ತೆಗೆದು ಸ್ಲೈಡ್ ಎಳೆದು, ಜೀಮ್ಸಾ ಬಣ್ಣ ಹಾಕಿ ನೋಡಿದೆ. ಗಂಜಲವನ್ನು ಹಾಗೆ ಕೆಂಪಾಗಿಸುವ, ಕೆಂಪು ಕಣದೊಳಗೆ ಜೋಡಿ ಹನಿಗಳಂತೆ ಕಾಣುವ ಬಬೇಸಿಯಾ ಇರಲಿಲ್ಲ. ಕಣದ ಅಂಚಿನಲ್ಲಿ, ಊಟ ಮುಗಿದ ತಟ್ಟೆಯ ಅಂಚಿಗೆ ಅಂಟಿ ಉಳಿದ ಒಗ್ಗರಣೆಯ ಸಾಸಿವೆಯ ಹಾಗೆ, ಒಂದೊಂದು ಕಡುಚುಕ್ಕೆ ಇತ್ತು. ಅನಪ್ಲಾಸ್ಮಾ ಮಾರ್ಜಿನೇಲ್. ಅಂಚಿನಲ್ಲಿ ಕೂರುತ್ತದೆ ಎಂದೇ ಆ ಹೆಸರು.

ಬಬೇಸಿಯಾ ಮಲೇರಿಯಾದ ರೋಗಾಣುವಿನಂಥ ಪರೋಪಜೀವಿ. ಅನಪ್ಲಾಸ್ಮಾ ಬ್ಯಾಕ್ಟೀರಿಯಾ. ಮೊದಲನೆಯದಕ್ಕೆ ಸಾಮಾನ್ಯವಾಗಿ ಕೊಡುವ ಡೈಮಿನಜೀನ್‌ನಿಂದ ಎರಡನೆಯದು ವಾಸಿಯಾಗುವುದಿಲ್ಲ, ಅದಕ್ಕೆ ಟೆಟ್ರಾಸೈಕ್ಲಿನ್ ಜಾತಿಯ ಔಷಧ ಬೇಕು. ಎರಡನ್ನೂ ಹೊತ್ತು ತರುವುದು ಉಣ್ಣೆ, ನಿಜ. ಆದರೆ ಚಿಂತಾಮಣಿ ಬಸ್ಸಿನಿಂದ ಇಳಿದವರಿಗೆಲ್ಲ ಸೇರಿಸಿ ಒಂದೇ ಲಗ್ನಪತ್ರಿಕೆ ಕೊಡುತ್ತೇವೆಯೇ? "ಉಣ್ಣೆ ಜ್ವರ" ಎನ್ನುವುದು ಬಸ್ಸಿನ ಹೆಸರು. ನನ್ನ ತಕರಾರು ಇಷ್ಟೇ. (ಮಲೆನಾಡಿನ ಮಂಗನ ಕಾಯಿಲೆಯನ್ನು ಹರಡುವುದೂ ಉಣ್ಣೆಯೇ, ಆದರೆ ಅದು ವೈರಸ್. ಮಂಗ ತಾನೂ ಅದರಿಂದ ಸಾಯುತ್ತದೆ, ಅಪವಾದವನ್ನೂ ಹೊರುತ್ತದೆ.)

ಬಲ್ಲವರೂ ಇಲ್ಲಿ ಎಡವಿದ್ದಾರೆ. 1910ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಅನಪ್ಲಾಸ್ಮಾಕ್ಕೆ ಹೆಸರಿಟ್ಟ ಆರ್ನಲ್ಡ್ ಥೈಲರ್ ಅದನ್ನು ಪರೋಪಜೀವಿ ಎಂದೇ ತಿಳಿದಿದ್ದರು. ನಾಯಿಗೆ ಬರುವ ಎರ್ಲಿಕಿಯಾ ಕೇನಿಸ್ ಎಂಬ ಬ್ಯಾಕ್ಟೀರಿಯಾ 1935ರಲ್ಲಿ ರಿಕೆಟ್ಸಿಯಾ ಕೇನಿಸ್ ಆಗಿತ್ತು. ನಮ್ಮ ಕಡೆಯ ತೆಲುಗು ಮನೆಗಳಲ್ಲಿ ಇಂಟಿಪೇರು, ಅಂದರೆ ಮನೆತನದ ಹೆಸರು, ಮೊದಲು, ಸ್ವಂತ ಹೆಸರು ಆಮೇಲೆ. ಬ್ಯಾಕ್ಟೀರಿಯಾಗಳದ್ದೂ ಅದೇ ಕ್ರಮ. ಮದುವೆಯಾದ ಹೆಣ್ಣುಮಗಳ ಇಂಟಿಪೇರು ಬದಲಾಗುವಂತೆ ಇವುಗಳದ್ದೂ ಬದಲಾಗುತ್ತದೆ. ದನಕುರಿಗಳದ್ದು ಒಂದು, ಕುದುರೆಯದು ಒಂದು, ಮನುಷ್ಯರದು ಒಂದು ಎಂದು ಬೇರೆ ಬೇರೆಯಾಗಿ ಎಣಿಸಿದ್ದ ಮೂರು ರೋಗಾಣುಗಳು ಜೀನ್ ಹೋಲಿಸಿ ನೋಡಿದಾಗ ಒಂದೇ ಎಂದಾಯಿತು. 2001ರಲ್ಲಿ ಅವು ಎರ್ಲಿಕಿಯಾ ಮನೆ ಬಿಟ್ಟು ಅನಪ್ಲಾಸ್ಮಾ ಫ್ಯಾಗೊಸೈಟೋಫಿಲಮ್ ಆದವು. ಮೊದಲು 'ಫಿಲಾ' ಇತ್ತು. ಹೊಸ ಮನೆಯ ಹೆಸರು ಲ್ಯಾಟಿನ್‌ನಲ್ಲಿ ನಪುಂಸಕಲಿಂಗ, ಅದಕ್ಕೆ 'ಫಿಲಮ್'. ಈ ಬದಲಾವಣೆಗೆ ನನ್ನ ಪೂರ್ಣ ಒಪ್ಪಿಗೆ ಇದೆ.

ಉಣ್ಣೆಯಿಂದಲೇ ಹರಡುವ ಲೈಮ್ ಕಾಯಿಲೆಯ ಬ್ಯಾಕ್ಟೀರಿಯಾ ಬೊರೇಲಿಯಾ ವಿಷಯದಲ್ಲಿ ಮಾತ್ರ ನಾನು ಹಳಬರ ಪಕ್ಷ. 2014ರಲ್ಲಿ ಆ ಕುಲವನ್ನು ಒಡೆದು ಲೈಮ್ ಗುಂಪಿಗೆ ಬೊರೇಲಿಯೆಲ್ಲಾ ಎಂದು ಹೆಸರಿಟ್ಟರು. ಹಲವರು ಒಪ್ಪಲಿಲ್ಲ, ಇಂದಿಗೂ ಎರಡು ಹೆಸರೂ ಓಡಾಡುತ್ತಿವೆ. ಮನೆ ಪಾಲಾದರೆ ಆಗಲಿ, ಆದರೆ ರಿಪೋರ್ಟ್ ಓದುವ ವೈದ್ಯರು ಇದು ಅದೇನಾ ಎಂದು ತಡವರಿಸಬಾರದು. ಪ್ಲೇಗಮ್ಮನ ವಿಷಯದಲ್ಲಿ ಈ ವಿವೇಕ ತೋರಿದ್ದರು. ಜೀನ್ ಲೆಕ್ಕದಲ್ಲಿ ಪ್ಲೇಗ್ ರೋಗಾಣು ಅಷ್ಟೇನೂ ಉಗ್ರವಲ್ಲದ ಇನ್ನೊಂದು ಯೆರ್ಸಿನಿಯಾದ ಉಪಜಾತಿ ಎಂದು ಹೆಸರು ಬದಲಿಸಿಯೂ ಆಗಿತ್ತು. ಗೊಂದಲವಾದರೆ ಜೀವಕ್ಕೆ ಅಪಾಯ ಎಂದು 1985ರಲ್ಲಿ ಬ್ಯಾಕ್ಟೀರಿಯಾ ನಾಮಕರಣದ ನ್ಯಾಯ ಆಯೋಗ ಆ ಹೊಸ ಹೆಸರನ್ನು ತಳ್ಳಿಹಾಕಿ ಯೆರ್ಸಿನಿಯಾ ಪೆಸ್ಟಿಸ್ ಅನ್ನೇ ಉಳಿಸಿತು.

ಸ್ಲೈಡಿನ ಫೋಟೋವನ್ನು ಮೊದಲು ಬಂದಿದ್ದವರಿಗೇ ಕಳಿಸಿದೆ. ಮುನಿಸಿಕೊಳ್ಳದೆ ಬಂದು ಔಷಧ ಬದಲಿಸಿದರು. ಹಸು ಎದ್ದಿತು. ಹಾಲು ಏಳಕ್ಕೆ ಬಂದಿದೆ, ಒಂಬತ್ತಾಗಿಲ್ಲ. ಮೊನ್ನೆ ಹೋದಾಗ ನೋಡಿದರೆ ಭಾವ ಪುಸ್ತಕದಲ್ಲಿ "ಉಣ್ಣೆ ಜ್ವರ" ಹೊಡೆದುಹಾಕಿ ತಾವೇ ಪಕ್ಕದಲ್ಲಿ "ಅನ್ನಪ್ಲಾಸ್ಮ" ಎಂದು ಬರೆದಿದ್ದರು. ನಾನು ತಿದ್ದಲಿಲ್ಲ.